ಕೂಸಿಲ್ಲದ ತೊಟ್ಟಿಲ ಪ್ರಾಜೆಕ್ಟ್

ಇಂಗ್ಲಿಷ್ ಕಲಿಸುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಔರಾದ ತಾಲ್ಲೂಕಿನಲ್ಲಿ ಇಲ್ಲವೆಂದು ನಾನು ನಂಬಿದ್ದೆ. ತಾಲ್ಲೂಕಿಗೆ ಈ ವಿಷಯ ಗೊತ್ತಿರಲಿಲ್ಲ, ಅಷ್ಟೇ.

ನನ್ನ ಮನೆ ಬೀದರಿನಲ್ಲಿ, ನೌಕರಿ ಠಾಣಾ ಕುಶನೂರಿನ ಹೈಸ್ಕೂಲಿನಲ್ಲಿ. ದಿನಾ ಬಸ್ಸಿನಲ್ಲಿ ಒಂಟಿಗಾಲಿನಲ್ಲಿ ನಿಂತು ನಿಂತು ನನ್ನ ಒಂದು ಕಾಲು ಇನ್ನೊಂದಕ್ಕಿಂತ ಉದ್ದವಾಗಿದೆಯೇನೋ ಎಂಬ ಅನುಮಾನ ನನಗಿದೆ. ಹೀಗಿರುವಾಗ ಬೀದರಿನಲ್ಲೇ ಶಿಕ್ಷಕರಿಗೆ ತರಬೇತಿ ಕೊಡುವ ಜಾಗವೊಂದು ಖಾಲಿಯಿದೆ ಎಂಬ ಸುದ್ದಿ ಬಂತು. ಮನೆಯಿಂದ ನಡೆದೇ ಹೋಗಬಹುದು! ಮಧ್ಯಾಹ್ನ ಮನೆಗೆ ಬಂದು ಬಿಸಿ ರೊಟ್ಟಿ ಉಣ್ಣಬಹುದು! ಆ ಜಾಗ ಸಿಗದಿದ್ದರೆ ನಾನು ಬಸ್ಸಿನಲ್ಲೇ ರಿಟೈರ್ ಆಗುವುದು ಖಚಿತವಿತ್ತು. ಶರತ್ತು ಒಂದೇ. ಪ್ರಾಜೆಕ್ಟ್ ಮಾಡಿಸಿ, ಆನ್‌ಲೈನ್ ಸಾಧನ ಬಳಸಿ, ಮಕ್ಕಳಿಗೆ ಇಂಗ್ಲಿಷ್ ಕಲಿಸಿ ತೋರಿಸಬೇಕು. ಬೀದರಿನ ಸಾಹೇಬರು ಶನಿವಾರ ಸ್ವತಃ ಬಂದು ನೋಡುತ್ತಾರೆ.

ಪ್ರಾಜೆಕ್ಟಿನ ನಿಯಮಗಳನ್ನು ಓದಿಕೊಂಡೆ. ಮಕ್ಕಳು ಜೀವನಕ್ಕೆ ಹತ್ತಿರವಾದ ಕೆಲಸ ಮಾಡಬೇಕು, ಅದನ್ನು ನಿಜವಾದ ಜನ ನೋಡಬೇಕು, ಮಾಸ್ತರರು ಮಾತ್ರ ನಡುವೆ ಬಾಯಿ ಹಾಕಬಾರದು. ಕೊನೆಯ ನಿಯಮ ನನಗೆ ಬಹಳ ಹಿಡಿಸಿತು.

ಒಂಬತ್ತನೇ ತರಗತಿಯ ಹುಡುಗಿಯರ ಕೈಗೆ ಶಾಲೆಯ ಟ್ಯಾಬ್ ಕೊಟ್ಟು, ಯಾವುದಾದರೂ ಸಮಾರಂಭಕ್ಕೆ ಇಂಗ್ಲಿಷಿನಲ್ಲಿ ಆಮಂತ್ರಣ ಪತ್ರಿಕೆ ತಯಾರಿಸಿರಿ ಎಂದೆ. ಗುಂಪಿನ ಮುಖಂಡೆ ಪ್ರಗತಿ ಸ್ವಲ್ಪ ಹೊತ್ತಿಗೇ ಬಂದಳು.

“ಸರ್, ಮದುವಿ ಕಾರ್ಡ್ ಬ್ಯಾಡ್ರಿ. ಯಾರ ಹೆಸರು ಮೊದಲ ಹಾಕ್ಬೇಕಂತ ಈಗೇ ಜಗಳ ಸುರು ಆಗ್ಯಾದ. ತೊಟ್ಟಿಲ ಕಾರ್ಡಿನ ನಮೂನಿ ಆನ್‌ಲೈನ್‌ನಾಗ ಪುಕ್ಕಟ ಸಿಗ್ತದ. ಅದಕ್ಕ ನಿಮ್ಮ ಹೆಸರು ಹಾಕ್ತೇವ್ರಿ. ನಿಮ್ಮ ಕೂಡ ಯಾರೂ ಜಗಳಾಡಲ್ಲ.”

ನಾನು ಆಗ ಸಾಹೇಬರ ಮುಂದೆ ಮಾಡಬೇಕಾದ ಭಾಷಣ ಬರೆಯುತ್ತಿದ್ದೆ. “ಹಾಕ್ರಿ, ಹಾಕ್ರಿ” ಎಂದೆ. ಬಾಯಿ ಹಾಕಬಾರದಲ್ಲ!

ಮರುದಿನ ಕಾರ್ಡ್ ಸಿದ್ಧವಾಗಿ ಬಂತು. ವೈಜನಾಥ ಮಾಸ್ತರ ಹಾಗೂ ಮಹಾನಂದಾ ದಂಪತಿಯ ಗಂಡುಮಗುವಿನ ತೊಟ್ಟಿಲ ಕಾರ್ಯಕ್ರಮ, ಶನಿವಾರ, ಶಾಲೆಯ ಸಭಾಂಗಣ, ಸರ್ವರಿಗೂ ಊಟ. ನಾನು ಚಷ್ಮಾ ಏರಿಸಿ ಕಾಗುಣಿತ ನೋಡಿದೆ. ಸರಿ. ಕಾಮಾ ನೋಡಿದೆ. ಸರಿ. ಕೆಳಗೆ ‘ವೆರಿ ಗುಡ್’ ಎಂದು ಬರೆದು ಸಹಿ ಜಡಿದೆ. ನನಗೆ ಐವತ್ತು ದಾಟಿದೆ, ಇರುವ ಒಬ್ಬಳೇ ಮಗಳು ಕಾಲೇಜು ಓದುತ್ತಿದ್ದಾಳೆ ಎಂಬ ಸಣ್ಣಪುಟ್ಟ ಸಂಗತಿಗಳು ಹೊಳೆಯಲೇ ಇಲ್ಲ. ಇಂಗ್ಲಿಷ್ ಮಾಸ್ತರರ ಕಣ್ಣಿಗೆ ತಪ್ಪು ಕಾಣುತ್ತದೆಯೇ ಹೊರತು ಅರ್ಥ ಕಾಣುವುದಿಲ್ಲ.

“ಇನ್ನ ಇದನ್ನ ಖರೇ ಮಂದಿಗಿ ತೋರಸ್ರಿ” ಎಂದೆ. ತೋರಿಸಿದರು. ಊರಿನ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿದರು! ಅಲ್ಲಿಂದ ಅದು ಭಾಲ್ಕಿಗೆ ಹೋಯಿತು, ಬೀದರಿಗೂ ಹೋಯಿತು. ಇಂಗ್ಲಿಷ್ ಬಾರದವರಿಗೂ ತೊಟ್ಟಿಲ ಚಿತ್ರ, ನನ್ನ ಫೋಟೊ, ತಾರೀಖು ಚೆನ್ನಾಗಿ ಅರ್ಥವಾದವು.

ಶುಕ್ರವಾರ ಹೆಡ್ ಮಾಸ್ತರರು ನನ್ನ ಕೈ ಹಿಡಿದು ಜಗ್ಗಾಡಿದರು.

“ಮುಬಾರಕ್ ವೈಜನಾಥ್! ಈ ವಯಸ್ಸಿನ್ಯಾಗ ಧೈರ್ಯ ಮಾಡೀರಿ ಬಿಡ್ರಿ.”

ಪ್ರಾಜೆಕ್ಟಿನ ಬಗ್ಗೆ ಹೇಳುತ್ತಿದ್ದಾರೆಂದು ತಿಳಿದು ನಾನು ವಿನಯದಿಂದ ಬಾಗಿದೆ.

“ವಯಸ್ಸಿಂದೇನದ ಸರ್? ಹೊಸದು ಮಾಡ್ಬೇಕಂದ್ರ ಮನಸ್ಸು ಬೇಕು. ಇದು ಛಲೋ ಆದ್ರ ವರ್ಷಾ ಒಂದೊಂದು ಮಾಡೋ ವಿಚಾರ ಅದ.”

ಅವರು ನನ್ನ ಕೈ ಬಿಟ್ಟು ಗೋಡೆ ಹಿಡಿದುಕೊಂಡರು.

ಶನಿವಾರ ಬಸ್ಸಿನಲ್ಲಿ ಜೋತಾಡುತ್ತಿದ್ದಾಗ ಹೆಂಡತಿಯ ಫೋನ್ ಬಂತು.

“ಏನ್ರೀ, ನಾ ಹಡದೇನಂತ? ಯಾವಾಗ?”

“ಏನಂದಿ?”

“ಓಣ್ಯಾಗಿನ ಹೆಣ್ಮಕ್ಕಳು ಬಾಣಂತಿ ನೋಡ್ಲಾಕ ಬಂದಾರ! ನಾ ಅಂಗಳದಾಗ ಬಟ್ಟಿ ಒಗೀಲಾಕತ್ತಿದ್ದೆ. ‘ಹಸಿ ಮೈ ಅದ, ನೀರಾಗ ಕೈ ಹಾಕ್ಬ್ಯಾಡ್ರಿ’ ಅಂತ ಬಕೀಟ್ ಕಸ್ಕೊಂಡಾರ!”

ಆಗ ನನಗೆ ಕಾರ್ಡಿನ ಅರ್ಥ ಹೊಳೆಯಿತು. ಬಸ್ಸಿಗಿಂತ ಮೊದಲು ನಾನೇ ಓಡಿ ಕುಶನೂರು ಮುಟ್ಟಬೇಕೆನಿಸಿತು.

ಮುಟ್ಟುವಷ್ಟರಲ್ಲಿ ಎಲ್ಲ ಕೈಮೀರಿತ್ತು. ಸಭಾಂಗಣದ ನಡುವೆ ಯಾರದೋ ಮನೆಯ ಕಟ್ಟಿಗೆಯ ತೊಟ್ಟಿಲು, ಸುತ್ತಲೂ ಊರ ಹೆಂಗಸರು, ಹಿತ್ತಲಲ್ಲಿ ಹುಗ್ಗಿಯ ಕಡಾಯಿ! ಊಟ ಎಂದು ಕಾರ್ಡಿನಲ್ಲಿದ್ದುದರಿಂದ ಶಾಲೆಯ ಮರ್ಯಾದೆ ಹೋಗಬಾರದೆಂದು ಹೆಡ್ ಮಾಸ್ತರರೇ ಊರವರನ್ನು ಸೇರಿಸಿ ಅಡುಗೆ ಹೂಡಿಸಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮೆಹಕರದ ನನ್ನ ಅಕ್ಕ ಕಲಾವತಿ ಜೀಪಿನಿಂದ ಇಳಿದಳು. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಆ ಹಕ್ಕನ್ನು ಕಂಕುಳಲ್ಲಿ ಹಿಡಿದುಕೊಂಡೇ ಬಂದಿದ್ದಳು, ಕೂಸಿನ ತಲೆಗೆ ತೊಡಿಸುವ ಜರಿಯಂಚಿನ ಕುಂಚಿಗೆಯ ರೂಪದಲ್ಲಿ.

“ಏನೋ ವೈಜ್ಯಾ! ಹೆಸರಿಡಾಕಿಗೇ ಹೇಳದ ತೊಟ್ಟಿಲ ಇಟ್ಕೊಂಡೀ? ಅಕ್ಕ ಮೊಬೈಲ್ನಾಗ ನೋಡಿ ತಿಳ್ಕೋಬೇಕೇನು?”

“ಅಕ್ಕಾ, ಕೂಸೇ ಇಲ್ಲ. ಇದು ಪ್ರಾಜೆಕ್ಟ್.”

“ಪ್ರಾಜೆಕ್ಟ್ ಅಂತ ಹೆಸರೂ ಇಟ್ಟುಬಿಟ್ಟೇನು, ನನಗ ಬಿಟ್ಟು?” ಅಕ್ಕ ಸೆರಗು ಕಣ್ಣಿಗೆ ಹಚ್ಚಿದಳು.

ಬೇರೆ ದಾರಿ ಕಾಣದೆ ಹೆಂಡತಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದೆ.

“ಅಕ್ಕಾರ, ನನ್ನಾಣಿ, ನಾ ಹಡದಿಲ್ರಿ! ರೊಟ್ಟಿ ಬಡೀಲಾಕತ್ತೇನಿ” ಎಂದಳು ಮಹಾನಂದಾ.

ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಕೇಳಿದಳು: “ಹಂಗಾರ ಯಾರು ಹಡದಾರ?”

ಎಲ್ಲ ಕಣ್ಣುಗಳೂ ನನ್ನ ಕಡೆ ತಿರುಗಿದವು! ನನ್ನ ಜೀವನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಪ್ರಗತಿಯೇ ಮುಂದೆ ಬಂದು, ಟ್ಯಾಬ್ ತೋರಿಸಿ, ಕಾರ್ಡ್ ಮಾಡಿದ ಕಥೆಯನ್ನೆಲ್ಲ ಬಿಡಿಸಿ ಹೇಳಿ ನನ್ನ ಮಾನ ಉಳಿಸಿದಳು. ಹೆಂಗಸರು ನಕ್ಕರು. ಆದರೆ ಯಾರೂ ಏಳಲಿಲ್ಲ.

“ಆಗಿದ್ದು ಆಯ್ತು,” ಎಂದಳು ಅಕ್ಕ. “ಕಟ್ಟಿದ ತೊಟ್ಟಿಲ ಖಾಲಿ ಬಿಡಬಾರದು, ಊರಿಗಿ ಛಲೋ ಅಲ್ಲ. ಏ ಹುಡುಗಿ, ಆ ಟ್ಯಾಬ್ ತಾ ಇಲ್ಲಿ.”

ಟ್ಯಾಬಿಗೆ ಕುಂಚಿಗೆ ತೊಡಿಸಿ ಮಲಗಿಸಿದರು. ಜೋಗುಳ ಶುರುವಾಯಿತು. ಸರಿಯಾಗಿ ಅದೇ ಗಳಿಗೆಗೆ ಬೀದರಿನ ಸಾಹೇಬರು ಒಳಗೆ ಬಂದರು.

“ಇಂಗ್ಲಿಷ್ ಎಲ್ಲಿ ಅದ ಮಾಸ್ತರ?” ಎಂದು ಕೇಳಿದರು.

ನಾನು ಪ್ರಗತಿಯ ಕಡೆ ನೋಡಿದೆ. “ಜೋಗುಳ ಮುಗೀಲಿ ತಡೀರಿ ಸರ್” ಎಂದಳು. ಅಕ್ಕ ತೊಟ್ಟಿಲೊಳಗೆ ಬಾಗಿ, ಟ್ಯಾಬಿನ ಅಂಚಿಗೆ ಬಾಯಿ ಹಚ್ಚಿ, ತಾನು ಮನೆಯಿಂದಲೇ ಯೋಚಿಸಿ ತಂದಿದ್ದ ಹೆಸರನ್ನು ಹೇಳಿದಳು: “ಗುರುಬಸವ!” ಅವಳ ಕೈ ಯಾವ ಗುಂಡಿಗೆ ತಾಗಿತೋ, ಕುಂಚಿಗೆಯೊಳಗಿಂದ ಇಂಪಾದ ದನಿಯೊಂದು ಹೊರಟಿತು.

“ಸಾರಿ, ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್ ದಟ್.”

“ಮಾಸ್ತರ ಕೂಸಲ್ಲೇನು, ಅಳೂದೂ ಇಂಗ್ಲಿಷ್ನಾಗೇ!” ಎಂದು ಮುದುಕಿ ದೃಷ್ಟಿಯಾಗದಿರಲೆಂದು ಲಟಿಕೆ ಮುರಿದಳು. ಅಂದು ಆ ಸಭಾಂಗಣದಲ್ಲಿ ಕೇಳಿಬಂದ ಇಂಗ್ಲಿಷ್ ಅಷ್ಟೇ.

ಸಾಹೇಬರು ಎರಡು ಸಲ ಹುಗ್ಗಿ ಹಾಕಿಸಿಕೊಂಡು, ನಗುತ್ತಲೇ ಜೀಪು ಹತ್ತಿದರು. ನನಗೆ ಆಸೆ ಚಿಗುರಿತು. ಆದರೆ ಆಯ್ಕೆಯ ಆದೇಶ ಬಂದಾಗ ಅದರಲ್ಲಿ ನನ್ನ ಹೆಸರಿರಲಿಲ್ಲ. ತಡೆಯಲಾರದೆ ಸಾಹೇಬರಿಗೇ ಫೋನ್ ಮಾಡಿದೆ.

“ಪ್ರಾಜೆಕ್ಟ್ ಏಕದಂ ಛಲೋ ಇತ್ತು ಮಾಸ್ತರ” ಎಂದರು ಅವರು. “ಹುಡುಗ್ಯಾರು ಕಾರ್ಡ್ ಮಾಡ್ಯಾರ. ಬೀದರಿಗಿ ಕರಿಸಿ ಎಲ್ಲಾ ಮಾಸ್ತರಗೋಳಿಗಿ ಅವರ ಕೈಲೇ ಹೇಳಸ್ತೇವಿ. ಊರವರು ಅಡಗಿ ಮಾಡ್ಯಾರ, ನಿಮ್ಮಕ್ಕ ಹೆಸರಿಟ್ಟಾರ, ಇಂಗ್ಲಿಷ್ ಟ್ಯಾಬೇ ಮಾತಾಡ್ಯಾದ. ಎಲ್ಲಾ ವರದಿನ್ಯಾಗ ಬರದೇನಿ. ನಿಮ್ಮ ಪಾಲಿಂದು ಏನ್ ಬರೀಲಿ, ನೀವೇ ಹೇಳ್ರಿ.”

ಎಷ್ಟು ಯೋಚಿಸಿದರೂ ಒಂದೇ ಉತ್ತರ ಸಿಕ್ಕಿತು.

“ಕೂಸಿನ ತಂದಿ ಅಂತ ಬರೀರಿ, ಸರ್.”

“ಅದಕ್ಕ ಕೂಸಾದ್ರೂ ಇರ್ಬೇಕಲ್ರೀ ಮಾಸ್ತರ!”