ಹೊಟ್ಟೆನೋವಿಗೆ ಹತ್ತಕ್ಕೆ ಎಂಟು

ಮಕ್ಕಳಿಗೆ ಮಾರ್ಕ್ಸು ಕೊಡುವ ಟೀಚರುಗಳನ್ನು ನೀವೆಲ್ಲ ನೋಡಿದ್ದೀರಿ. ತನ್ನ ಹೊಟ್ಟೆನೋವಿಗೇ ಮಾರ್ಕ್ಸು ಕೊಡುವ ಟೀಚರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದೇನೆ ಅನ್ನುವುದೇನು ಬಂತು, ಒಂದೇ ಸೂರಿನಡಿ ಹನ್ನೆರಡು ವರ್ಷ ಜೊತೆಗೆ ಬಾಳಿದ್ದೇನೆ! ಅವರು ನಮ್ಮ ಯಜಮಾನರ ಅಕ್ಕ. ನಮ್ಮ ಕಡೆ ಗಂಡನ ಅಕ್ಕನನ್ನು ಅತ್ತಿಗೆ ಎಂದೇ ಕರೆಯುವುದರಿಂದ ಇಲ್ಲಿಯೂ ಅವರು ಅತ್ತಿಗೆಯೇ. ಹೆಸರು ಬರೆಯುವ ಧೈರ್ಯ ನನಗಿಲ್ಲ. ಬರೆದರೆ ಈ ಪ್ರಬಂಧವನ್ನೇ ಕೆಂಪು ಇಂಕಿನಲ್ಲಿ ತಿದ್ದಿ ವಾಪಸು ಕಳಿಸಿಯಾರು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಮದುವೆಯಾಗಿ ಅರಸೀಕೆರೆಗೆ ಬಂದೆ. ಬರುವ ಮುಂಚೆ ನಮ್ಮ ದೊಡ್ಡಮ್ಮ ಕಿವಿಯಲ್ಲಿ ಹೇಳಿದ್ದರು, "ಮದುವೆಯಾಗದ ಅತ್ತಿಗೆ ಇರೋ ಮನೆ, ಹುಷಾರು ಕಣೇ." ಹೀಗಾಗಿ ನಾನು ಯುದ್ಧಕ್ಕೆ ತಯಾರಾಗಿಯೇ ಹೊಸಿಲು ದಾಟಿದ್ದು. ಮೊದಲ ದಿನ ಊಟಕ್ಕೆ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತರೆ ಅತ್ತಿಗೆ ಮಾತ್ರ ಅಡುಗೆಮನೆ ಬಾಗಿಲಿಗೆ ಒರಗಿ, ತಟ್ಟೆ ಕೈಯಲ್ಲಿ ಹಿಡಿದು, ನಿಂತೇ ಉಂಡರು. ನಾನು ಎಷ್ಟು ತುಪ್ಪ ಬಡಿಸುತ್ತೇನೆಂದು ಮೇಲಿನಿಂದ ಕಾವಲು ಕಾಯುತ್ತಿದ್ದಾರೆ ಎಂದುಕೊಂಡೆ. ಮರುದಿನವೂ ನಿಂತೇ ಉಂಡರು. ನಿಂತೇ ಪೇಪರ್ ಓದಿದರು, ನಿಂತೇ ಟೀವಿ ನೋಡಿದರು. ಮಕ್ಕಳ ಉತ್ತರಪತ್ರಿಕೆಗಳನ್ನು ಫ್ರಿಜ್ಜಿನ ತಲೆಯ ಮೇಲೆ ಹರಡಿಕೊಂಡು ನಿಂತೇ ತಿದ್ದಿದರು. ನಡುವೆ ಯಾರಿಗಾದರೂ ಹಾಲು ಬೇಕಾದರೆ ಇಡೀ ಒಂಬತ್ತನೇ ತರಗತಿಯನ್ನು ಎತ್ತಿ ಪಕ್ಕಕ್ಕಿಡಬೇಕಿತ್ತು.

"ನಿಮ್ಮಕ್ಕ ಕೂತ್ಕೊಳ್ಳೋದೇ ಇಲ್ವಾ?" ಎಂದು ಯಜಮಾನರನ್ನು ಕೇಳಿದೆ.

"ಅವಳು ಮೊದ್ಲಿಂದ್ಲೂ ಹಾಗೇ."

"ಯಾಕೆ?"

"ಅಭ್ಯಾಸ," ಎಂದರು, ಪೇಪರಿನಿಂದ ತಲೆ ಎತ್ತದೆ. ಒಡಹುಟ್ಟಿದ ತಮ್ಮನ ಸಂಶೋಧನೆ ಅಲ್ಲಿಗೆ ಮುಗಿಯಿತು.

ಅತ್ತಿಗೆ ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ದಿನಾ ಬೆಳಿಗ್ಗೆ ಅರಸೀಕೆರೆಯಲ್ಲಿ ಬಸ್ಸು ಹತ್ತಿ, ಜಾವಗಲ್ ದಾಟಿ ಹಳೇಬೀಡಿಗೆ ಹೋಗಬೇಕು. ಸಂಜೆ ಅದೇ ದಾರಿ ವಾಪಸು. ಬಸ್ಸಿನಲ್ಲಿಯೂ ಅವರು ಕೂರುತ್ತಿರಲಿಲ್ಲ. ಸೀಟು ಸಿಕ್ಕರೆ ಗಂಟುಮೂಟೆ ಹೊತ್ತ ಹೆಂಗಸರನ್ನು ಕರೆದು ಕೂರಿಸುತ್ತಿದ್ದರು. ಇದರಿಂದ ಆ ರಸ್ತೆಯುದ್ದಕ್ಕೂ ಅವರಿಗೆ ದಾನಶೂರೆಯ ಕೀರ್ತಿ ಹಬ್ಬಿತ್ತು. ಒಮ್ಮೆ ನಾನು ಜಾವಗಲ್ಲಿಗೆ ಹೋಗುವಾಗ, ಆ ಮನೆಯ ಸೊಸೆಯೆಂದು ತಿಳಿದು ಕಂಡಕ್ಟರೇ ಹೇಳಿದರು, "ಅಂಥ ಮೇಡಮ್ಮು ಎಲ್ಲೂ ಸಿಕ್ಕಲ್ಲ ಕಣಮ್ಮ. ಮುಂದೆ ಸೀಟೈತೆ ಕೂತ್ಕಳಿ ಅಂದ್ರೂ ಕೂರಕಿಲ್ಲ. ಬ್ಯಾರೆಯವ್ರಿಗೆ ಬಿಟ್ಕೊಡ್ತಾರೆ. ದೇವರಂಥ ಮನಸು."

ಮನೆಗೆ ಬಂದು ಈ ಹೊಗಳಿಕೆಯನ್ನು ಅತ್ತಿಗೆಗೆ ಒಪ್ಪಿಸಿದೆ. ಅವರು ಗೋಡೆ ಹಿಡಿದುಕೊಂಡು ನಕ್ಕರು.

"ದೊಡ್ಡ ಮನಸ್ಸೂ ಇಲ್ಲ, ಏನೂ ಇಲ್ಲ ಕಣೇ. ಕೂತ್ರೆ ಒಂಬತ್ತು. ನಿಂತ್ರೆ ಆರು. ನೀನಾಗಿದ್ರೆ ಏನು ಮಾಡ್ತಿದ್ದೆ?"

ಮಾರ್ಕ್ಸಿನ ಗುಟ್ಟು ಬಯಲಾಗಿದ್ದು ಹೀಗೆ. ಹದಿನೈದನೇ ವಯಸ್ಸಿನಿಂದ ಕಿಬ್ಬೊಟ್ಟೆಯಲ್ಲಿ, ಸೊಂಟದಲ್ಲಿ ಅವರಿಗೆ ನೋವು. ಮುಟ್ಟಿನ ದಿನಗಳಲ್ಲಿ ಹೆಚ್ಚು, ಉಳಿದ ದಿನ ಕಡಿಮೆ, ಪೂರ್ತಿ ಬಿಟ್ಟುಹೋಗಿದ್ದು ಎಂದೂ ಇಲ್ಲ. ಅದಕ್ಕೊಂದು ಉದ್ದನೆಯ ರೆಕಾರ್ಡ್ ಪುಸ್ತಕ. ತಾರೀಖು, ಬೆಳಿಗ್ಗೆ, ಸಂಜೆ, ಷರಾ ಎಂದು ಗೆರೆ ಎಳೆದ ಅಂಕಣಗಳು. ಹತ್ತು ಅಂಕಗಳ ಪರೀಕ್ಷೆ. ಮೂರೂವರೆಗಿಂತ ಕಡಿಮೆ ಬಂದರೆ ನೋವು ಫೇಲು.

"ಮೂರೂವರೆ ಯಾಕೆ?"

"ಎಸ್ಸೆಸ್ಸೆಲ್ಸಿಲಿ ನೂರಕ್ಕೆ ಮೂವತ್ತೈದಲ್ವೇನೇ? ಮಕ್ಕಳಿಗೊಂದು ನ್ಯಾಯ, ನೋವಿಗೊಂದು ನ್ಯಾಯನಾ?"

ಪುಟ ತಿರುವಿದೆ. ಎಂಟು, ಎಂಟು, ಏಳು, ಒಂಬತ್ತು. ಎಷ್ಟು ಹುಡುಕಿದರೂ ಹತ್ತು ಕಾಣಲಿಲ್ಲ. ಕೇಳಿದರೆ, "ಹತ್ತಕ್ಕೆ ಹತ್ತು ಕೊಟ್ರೆ ಅದಕ್ಕೆ ಕೊಬ್ಬು ಬರುತ್ತೆ," ಎಂದರು. ಒಂಬತ್ತು ಬಂದ ಒಂದು ದಿನದ ಷರಾದಲ್ಲಿ "ದ್ಯುತಿಸಂಶ್ಲೇಷಣೆ ಪಾಠ ಮುಗಿಯಿತು" ಎಂದಿತ್ತು. ಇನ್ನೊಂದು ಒಂಬತ್ತರ ಮುಂದೆ "ತಮ್ಮನ ಮದುವೆ. ಊಟ ಚೆನ್ನಾಗಿತ್ತು." ಅದು ನನ್ನ ಮದುವೆ ಸ್ವಾಮಿ! ಆರತಕ್ಷತೆಯಲ್ಲಿ ನನ್ನ ಪಕ್ಕ ಮೂರು ಗಂಟೆ ನಿಂತು, ಬಂದವರ ಹೆಸರನ್ನೆಲ್ಲ ನನ್ನ ಕಿವಿಗೆ ಹಾಕಿದವರು ಇವರೇ. ನಾನಾಗಿದ್ದರೆ ಮದುವೆಯನ್ನೇ ಮುಂದಕ್ಕೆ ಹಾಕಿಸುತ್ತಿದ್ದೆ. ಅಂದಿನಿಂದ ನನ್ನ ಯುದ್ಧದ ತಯಾರಿ ಮೂಲೆ ಸೇರಿತು.

ಒಮ್ಮೆ ಅವರ ಶಾಲೆಯ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋಗುವಾಗ ನಾನೂ ಜೊತೆಗೆ ಹೋದೆ. ಗೈಡು ಒಬ್ಬ ಶಿಲಾಬಾಲಿಕೆಯನ್ನು ತೋರಿಸಿ, ಸೊಂಟದ ಬಳುಕು ನೋಡಿ, ಮುಖದ ಮಂದಹಾಸ ನೋಡಿ ಎಂದು ಕೋಲು ಆಡಿಸುತ್ತಿದ್ದ. ಅತ್ತಿಗೆ ಬಹಳ ಹೊತ್ತು ತಲೆ ಎತ್ತಿ ನೋಡಿದರು.

"ಎಂಟುನೂರು ಚಿಲ್ಲರೆ ವರ್ಷದಿಂದ ಸೊಂಟ ಹೀಗೆ ತಿರುಗಿಸ್ಕೊಂಡು ನಿಂತಿದ್ದಾಳೆ. ಇವಳಿಗೆ ನೋವಿಲ್ಲ ಅಂತ ಯಾರಪ್ಪ ಹೇಳಿದ್ದು?"

ಗೈಡು ಕಕ್ಕಾಬಿಕ್ಕಿಯಾದ. "ನಗ್ತಾ ಇದಾಳಲ್ಲ ಮೇಡಂ."

"ನಾನೂ ನಗ್ತಾ ಇದೀನಲ್ಲ," ಎಂದು ಅತ್ತಿಗೆ ಮಕ್ಕಳನ್ನು ಮುಂದಕ್ಕೆ ಹೊರಡಿಸಿದರು. ಆ ದಿನ ಪುಸ್ತಕದಲ್ಲಿ ಏಳೂವರೆ ಇತ್ತು. ಷರಾ: "ಶಿಲ್ಪಿಗೆ ಗೊತ್ತಿತ್ತೋ ಏನೋ."

ಇಷ್ಟು ವರ್ಷ ಡಾಕ್ಟರಿಗೆ ತೋರಿಸಲಿಲ್ಲವೇ ಎಂದು ನೀವು ಕೇಳಬಹುದು. ತೋರಿಸಿದ್ದರು. ಒಬ್ಬರು ಮದುವೆಯಾದರೆ ಸರಿಹೋಗುತ್ತದೆ ಎಂದರಂತೆ, ಇನ್ನೊಬ್ಬರು ಗ್ಯಾಸು ಎಂದರಂತೆ. ಮನೆಯಲ್ಲಿ ಎಲ್ಲರೂ ಅಮ್ಮ ಎನ್ನುತ್ತಿದ್ದ ನನ್ನ ಅತ್ತೆಯದು ಯಾವಾಗಲೂ ಒಂದೇ ಮಾತು, "ಎಲ್ಲಾ ಮನಸ್ಸಿಂದು. ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಯಾವ ನೋವೂ ಇಲ್ಲ." ಅಮ್ಮ ಕೆಟ್ಟವರಲ್ಲ. ಅವರಿಗೂ ಅವರ ಅಮ್ಮ ಇದನ್ನೇ ಹೇಳಿದ್ದರು, ಅಷ್ಟೆ.

ನಲವತ್ತು ದಾಟಿದ ಮೇಲೆ ಹಾಸನದ ಒಬ್ಬ ಲೇಡಿ ಡಾಕ್ಟರು ಹೊಕ್ಕುಳ ಬಳಿ ಸಣ್ಣ ತೂತು ಮಾಡಿ, ಕೊಳವೆ ಇಳಿಸಿ, ಒಳಗೆ ನೋಡಿದರು. ಗರ್ಭಕೋಶದ ಒಳಗಿರಬೇಕಾದ ಪದರ ಹೊರಗೆಲ್ಲ ಬೆಳೆದುಕೊಂಡಿದೆ, ಇದಕ್ಕೆ ಎಂಡೊಮೆಟ್ರಿಯೋಸಿಸ್ ಎನ್ನುತ್ತಾರೆ ಎಂದು ಹೇಳಿದರು. ಬೇರೆ ಯಾರಾದರೂ ಇಂಥ ಹೆಸರು ಕೇಳಿದರೆ ಅಳುತ್ತಿದ್ದರು. ಅತ್ತಿಗೆ ಓಡಾಡುವ ಹಾಗಾದ ಮಾರನೆಯ ದಿನವೇ ಕೊಬ್ಬರಿ ಮಿಠಾಯಿ ಮಾಡಿಸಿ ಇಡೀ ಬೀದಿಗೆ ಹಂಚಿಸಿದರು!

"ಏನ್ರೀ ಮೇಡಂ ವಿಶೇಷ?" ಎಂದು ಎದುರು ಮನೆಯಾಕೆ ಕೇಳಿದರು.

"ನಾಮಕರಣ."

"ಯಾರಿಗ್ರೀ ಮಗು?"

"ಮಗು ಅಲ್ಲ. ನನ್ನ ನೋವಿಗೆ ಇಪ್ಪತ್ತೈದು ವರ್ಷ ಆದ್ಮೇಲೆ ಈಗ ಹೆಸರಿಟ್ರು."

ಡಾಕ್ಟರು ನೋವಿನ ಮಾತ್ರೆಗಳ ಜೊತೆಗೆ ಇನ್ನೊಂದು ಮಾತು ಹೇಳಿದ್ದರು. "ವಿಟಮಿನ್ ಸಿ, ವಿಟಮಿನ್ ಇ ತಗೊಂಡು ನೋಡಿ. ಆ್ಯಂಟಿ ಆಕ್ಸಿಡೆಂಟ್ ಅಂತಾರೆ. ಕೆಲವರಿಗೆ ಸ್ವಲ್ಪ ಹಗುರಾಗುತ್ತೆ. ಖಾತ್ರಿ ಹೇಳಲಾರೆ." ನಾನಾಗಿದ್ದರೆ ಹಗುರಾಗುತ್ತೆ ಎಂಬಷ್ಟನ್ನು ಕೇಳಿಸಿಕೊಂಡು ಮಾತ್ರೆ ನುಂಗುತ್ತಿದ್ದೆ. ಅತ್ತಿಗೆಗೆ ಕೇಳಿಸಿದ್ದು ಕೊನೆಯ ಎರಡು ಪದ ಮಾತ್ರ.

ಮೊದಲು ನಮಗೆ ಪಾಠವಾಯಿತು. ಒಂದು ಬದನೆಕಾಯಿಯನ್ನು ಎರಡು ಹೋಳು ಮಾಡಿ, ಒಂದಕ್ಕೆ ನಿಂಬೆರಸ ಹಚ್ಚಿ, ಎರಡನ್ನೂ ಕಿಟಕಿಯಲ್ಲಿಟ್ಟರು. ಹಚ್ಚದ ಹೋಳು ಕಪ್ಪಾಗುತ್ತದೆ, ಹಚ್ಚಿದ್ದು ಬೆಳ್ಳಗೇ ಇರುತ್ತದೆ. ನಿಂಬೆಯಲ್ಲಿರುವುದೇ ಆ್ಯಂಟಿ ಆಕ್ಸಿಡೆಂಟು, ನನ್ನ ಹೊಟ್ಟೆಯೊಳಗೂ ಅದು ಇದೇ ಕೆಲಸ ಮಾಡಬಹುದು, ಮಾಡದೆಯೂ ಇರಬಹುದು ಎಂದು ವಿವರಿಸಿದರು. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಕಿಟಕಿ ಖಾಲಿ. ಅಮ್ಮ ಎರಡೂ ಹೋಳನ್ನು ಬಜ್ಜಿ ಮಾಡಿಬಿಟ್ಟಿದ್ದರು. ನಿಂಬೆ ಹಚ್ಚಿದ್ದು ರುಚಿಯಾಗಿತ್ತು ಎಂಬುದಷ್ಟೇ ಅಂದಿನ ತೀರ್ಮಾನ.

ಆಮೇಲೆ ಶುರುವಾಯಿತು ನೋಡಿ ನಿಜವಾದ ಪ್ರಯೋಗ. ಎರಡು ಡಬ್ಬಿ. ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಹಳದಿ ದಾರ. ಒಂದರಲ್ಲಿ ವಿಟಮಿನ್ನು, ಇನ್ನೊಂದರಲ್ಲಿ ಬರೀ ಅಕ್ಕಿಹಿಟ್ಟು. ಮೂರು ತಿಂಗಳು ಕೆಂಪು ಡಬ್ಬಿಯದು ನುಂಗುವುದು, ಮೂರು ತಿಂಗಳು ಹಳದಿಯದು. ಡಾಕ್ಟರು ಕೊಟ್ಟ ಉಳಿದ ಔಷಧಿ ಯಥಾಪ್ರಕಾರ.

"ಯಾವುದ್ರಲ್ಲಿ ಏನಿದೆ ಅಂತ ನಂಗೆ ಗೊತ್ತಿರಬಾರ್ದು," ಎಂದರು ಅತ್ತಿಗೆ. "ಗೊತ್ತಿದ್ರೆ ಮನಸ್ಸು ಮೋಸ ಮಾಡುತ್ತೆ. ಅಮ್ಮ ಹೇಳೋದು ನಿಜಾನೋ ಸುಳ್ಳೋ, ಇದ್ರಲ್ಲೇ ತಿಳಿದುಹೋಗ್ಲಿ."

"ಮತ್ತೆ ಯಾರಿಗೆ ಗೊತ್ತಿರ್ಬೇಕು?"

"ನಿಂಗೆ. ನೀನು ಕನ್ನಡ ಬಿ.ಎ. ನಿನ್ನಿಂದ ವಿಜ್ಞಾನಕ್ಕೇನೂ ಅಪಾಯ ಇಲ್ಲ."

ಪ್ರತಿ ಭಾನುವಾರ ನಾನು ಅಡುಗೆಮನೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಆಯುರ್ವೇದದ ಪಂಡಿತರ ಅಂಗಡಿಯಿಂದ ಖಾಲಿ ಕ್ಯಾಪ್ಸೂಲು ತಂದಿದ್ದಾಯಿತು. ವಿಟಮಿನ್ ಸಿಯ ಹುಳಿ ಮಾತ್ರೆಗಳನ್ನು ಕುಟ್ಟಿ ಪುಡಿ ಮಾಡಬೇಕು. ವಿಟಮಿನ್ ಇ ಗುಳಿಗೆಗೆ ಪಿನ್ನು ಚುಚ್ಚಿ ಎಣ್ಣೆ ಹಿಂಡಬೇಕು. ಚೂರು ಅಕ್ಕಿಹಿಟ್ಟಿನಲ್ಲಿ ಕಲಸಿ, ವಾರಕ್ಕಾಗುವಷ್ಟು ಖಾಲಿ ಕ್ಯಾಪ್ಸೂಲಿಗೆ ತುಂಬಬೇಕು. ಅಮ್ಮ ಬಾಗಿಲ ಸಂದಿಯಿಂದ ನೋಡಿ, "ಕೋಡುಬಳೆಗೆ ಕಲಸ್ತಿದ್ದೀಯೇನೇ?" ಎಂದು ಆಸೆಯಿಂದ ಕೇಳುತ್ತಿದ್ದರು. ಅತ್ತಿಗೆಗೆ ಏನು ಪ್ರಯೋಜನವಾಯಿತೋ ಬಿಡಿ, ಆ ಎಣ್ಣೆ ಹಿಂಡಿ ಹಿಂಡಿ ನನ್ನ ಕೈ ಮಾತ್ರ ಬೆಣ್ಣೆಯ ಹಾಗಾಯಿತು.

ನಿಜವಾದದ್ದನ್ನು ನಾನು ಕೆಂಪು ಡಬ್ಬಿಗೆ ತುಂಬಿದ್ದೆ. ಮೊದಲ ತಿಂಗಳು ಎಂಟು ಎಂಟಾಗಿಯೇ ಇತ್ತು. ಎರಡನೆಯ ತಿಂಗಳು ಏಳಾಯಿತು, ಆರಾಯಿತು. ಮೂರನೆಯ ತಿಂಗಳು ಐದು. ಒಂದು ದಿನ ಮೂರು ಬಂದು ನೋವು ಫೇಲೇ ಆಗಿಬಿಟ್ಟಿತು! ಅಂದು ಶನಿವಾರ, ಅತ್ತಿಗೆ ಸ್ಕೂಲಿನಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಹೇಳಿದರು.

"ಇವತ್ತು ಜಾವಗಲ್ಲಿಂದ ಕೂತು ಬಂದೆ ಕಣೇ. ಕಿಟಕಿ ಪಕ್ಕ. ಆ ರಸ್ತೇಲಿ ಎಷ್ಟೊಂದು ಕೆರೆ ಇವೆ, ನಿಂತಿದ್ರೆ ಕಾಣೋದೇ ಇಲ್ಲ."

ರಾತ್ರಿ ಊಟಕ್ಕೆ ನಮ್ಮ ಸಾಲಿನಲ್ಲಿ ಬಂದು ಕೂತರು. ನಾನು ಬಡಿಸುತ್ತಾ ಮೊದಲ ಸಲ ಅವರ ನೆತ್ತಿ ನೋಡಿದೆ. ಬೈತಲೆ ಉದ್ದಕ್ಕೂ ನರೆ ಬಂದಿತ್ತು.

ಮಾರನೆಯ ದಿನ ಭಾನುವಾರ. ಕೆಂಪಿನ ಮೂರು ತಿಂಗಳು ಮುಗಿದಿತ್ತು, ಹಳದಿ ಡಬ್ಬಿಗೆ ಬರೀ ಅಕ್ಕಿಹಿಟ್ಟು ತುಂಬುವ ದಿನ. ಹಿಟ್ಟಿನ ಡಬ್ಬ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಕೊನೆಗೆ ಎದ್ದು, ತರಕಾರಿಗೆಂದು ಹೇಳಿ ಮೆಡಿಕಲ್ ಶಾಪಿಗೆ ಹೋಗಿ, ಮತ್ತೆ ಅದೇ ಮಾತ್ರೆ ತಂದೆ. ಕುಟ್ಟಿದೆ, ಚುಚ್ಚಿದೆ, ಹಿಂಡಿದೆ, ತುಂಬಿದೆ. ಒಂದಲ್ಲ ಎರಡಲ್ಲ, ಮೂರು ತಿಂಗಳ ಅಷ್ಟೂ ಭಾನುವಾರ. ವಿಜ್ಞಾನಕ್ಕೆ ಅಪಾಯವಿಲ್ಲದ ಕನ್ನಡ ಬಿ.ಎ. ಮಾಡಿದ ಕೆಲಸ ಇದು.

ಆರು ತಿಂಗಳು ಮುಗಿದ ದಿನ ಮಧ್ಯಾಹ್ನ ಅಮ್ಮ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು, ನಾನೂ ಜೊತೆಗೆ ಕೂತಿದ್ದೆ. ಅತ್ತಿಗೆ ಫ್ರಿಜ್ಜಿನ ಮುಂದೆ ನಿಂತು ರೆಕಾರ್ಡ್ ಪುಸ್ತಕದಲ್ಲಿ ಕೂಡಿ ಕಳೆದು, ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ ಎಲ್ಲವನ್ನೂ ಬರೆದು ಮುಗಿಸಿ, ತೀರ್ಮಾನಕ್ಕೆ ಬಂದು ಪೆನ್ನು ನಿಲ್ಲಿಸಿದರು.

"ಕೆಂಪಿನ ಕೊನೇಲೂ ಐದು, ಹಳದೀಲೂ ಐದು," ಎಂದರು. ಧ್ವನಿ ಶಾಂತವಾಗಿತ್ತು. "ಅಂದ್ರೆ ಬರೀ ಅಕ್ಕಿಹಿಟ್ಟು ತಿಂದ್ರೂ ನಂಗೆ ವಾಸಿಯಾಗಿದೆ. ನೀನು ಹೇಳಿದ್ದೇ ಸರಿ ಅಮ್ಮ. ಎಲ್ಲಾ ಮನಸ್ಸಿಂದೇ. ಇನ್ನು ಹಾಸನಕ್ಕೆ ಹೋಗಲ್ಲ, ಯಾವ ಮಾತ್ರೇನೂ ಬೇಡ."

ಒಂಬತ್ತು ಅಂಕದ ನೋವಿನಲ್ಲಿ ಪಾಠ ಮುಗಿಸಿದವರು, ಬೇಲೂರಿನ ಗೈಡಿನ ಬಾಯಿ ಮುಚ್ಚಿಸಿದವರು, ಆ ಹೊತ್ತು ಸೋತಿದ್ದರು. ನಾನು ಅದನ್ನು ನೋಡಲಾರದೆ ಹೋದೆ. ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟು, ಹಳದಿ ಡಬ್ಬಿಯಲ್ಲೂ ವಿಟಮಿನ್ನೇ ಇತ್ತು ಎಂದು ಹೇಳಿಬಿಟ್ಟೆ.

ಅತ್ತಿಗೆ ತಿರುಗಿದರು. ಮೂವತ್ತು ಮಕ್ಕಳು ಒಟ್ಟಿಗೆ ಕಾಪಿ ಹೊಡೆದು ಸಿಕ್ಕಿಬಿದ್ದರೂ ಅವರು ಹಾಗೆ ನೋಡಿರಲಾರರು.

"ಆರು ತಿಂಗಳ ಕೆಲಸ ಹಾಳು ಮಾಡಿದೆಯಲ್ಲೇ. ಯಾಕೆ?"

"ನೀವು ಕೂತಿದ್ರಿ ಅತ್ತಿಗೆ," ಎಂದೆ. ಅಳು ಬಂದುಬಿಟ್ಟಿತ್ತು. "ಮತ್ತೆ ಎಬ್ಬಿಸೋಕೆ ನನ್ನ ಕೈಲಿ ಆಗ್ಲಿಲ್ಲ."

ಅಮ್ಮ ಒಂದು ಅವರೆಕಾಯಿಯನ್ನು ಸುಲಿಯದೆ ಬೆರಳಲ್ಲೇ ತಿರುಗಿಸುತ್ತಿದ್ದರು. ಆಮೇಲೆ ಮಗಳ ಕಡೆ ನೋಡದೆಯೇ ಕೇಳಿದರು.

"ಇವತ್ತು ಎಷ್ಟು ಬಂದಿದೆಯೇ ನಿಂಗೆ?"

"ಆರು," ಎಂದರು ಅತ್ತಿಗೆ.

ಅಮ್ಮ ಅವರೆಕಾಯಿ ಮೊರವನ್ನು ಪಕ್ಕಕ್ಕೆ ಸರಿಸಿ, ತಾವು ಕೂತಿದ್ದ ಜಮಖಾನವನ್ನು ಎಳೆದು ನಾಲ್ಕು ಮಡಿಕೆ ಮಾಡಿದರು. ಅತ್ತಿಗೆ ಅದರ ಮೇಲೆ ಮೆಲ್ಲಗೆ ಕೂತರು.

ಆ ವಿಟಮಿನ್ನು ನಿಜಕ್ಕೂ ಕೆಲಸ ಮಾಡಿತೋ ಇಲ್ಲವೋ, ಇಂದಿಗೂ ಖಾತ್ರಿ ಹೇಳಲಾರೆ. ಖಾತ್ರಿಯಾಗುವ ಒಂದೇ ದಾರಿಯನ್ನು ನಾನೇ ಮುಚ್ಚಿದ್ದೆ. ಅತ್ತಿಗೆ ಹಾಸನಕ್ಕೆ ಹೋಗುವುದನ್ನು ಬಿಡಲಿಲ್ಲ. ಮಾತ್ರೆಯೂ ನಡೆಯಿತು, ನೋವೂ ನಡೆಯಿತು, ಬಸ್ಸಿನಲ್ಲಿ ಕೆಲವು ದಿನ ಕೂತರು, ಕೆಲವು ದಿನ ನಿಂತರು.

ನಾನು ಬೈಸಿಕೊಳ್ಳಲು ಒಂದು ವಾರ ಕಾದೆ. ಅತ್ತಿಗೆ ಬೈಯಲಿಲ್ಲ. ಕೊನೆಗೆ ಅವರು ಸ್ಕೂಲಿಗೆ ಹೋದಾಗ ಫ್ರಿಜ್ಜಿನ ಮೇಲಿದ್ದ ಪುಸ್ತಕವನ್ನು ಕದ್ದು ತೆಗೆದು ನೋಡಿದೆ. ತೀರ್ಮಾನ ಎಂಬುದರ ಮುಂದೆ, ಅವರ ದುಂಡನೆಯ ಅಕ್ಷರದಲ್ಲಿ, ಕೆಂಪು ಇಂಕಿನಲ್ಲಿ ಬರೆದಿದ್ದರು:

"ಪ್ರಯೋಗ ರದ್ದು. ಕಾರಣ: ನನ್ನ ನೋವು ನಿಜವೆಂದು ಇನ್ನೊಬ್ಬಳು ನಂಬಿದ್ದು."