ಮಾವನ ಲೆಕ್ಕದಲ್ಲಿ ನಾನೊಂದು ಫೋರ್ ಸ್ಟ್ರೋಕ್

ನನ್ನ ಸೋದರಮಾವನ ಕಣ್ಣಿಗೆ ನಾನು ಮನುಷ್ಯನೇ ಅಲ್ಲ. ಗಾಳಿಯಿಂದ ತಣಿಯುವ, ಒಂದೇ ಸಿಲಿಂಡರಿನ, ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್! ನಾನು ಎಂ.ಎ. ಮುಗಿಸಿ ಅಂಕೋಲೆಗೆ ಬಂದ ದಿನ ಹತ್ತು ಜನರ ಎದುರು ಅವರು ಇದನ್ನು ಹೊಗಳಿಕೆಯಾಗಿಯೇ ಹೇಳಿದ್ದರು. ಹತ್ತು ಜನರಿದ್ದರೋ ನಾಲ್ಕು ಜನರೋ, ಈಗ ಖಾತ್ರಿಯಿಲ್ಲ. ಅದು ಹೊಗಳಿಕೆಯಾಗಿತ್ತೋ ಎಂಬುದೂ ಖಾತ್ರಿಯಿಲ್ಲ.

ಬೇಲೆಕೇರಿ ಬಂದರಿನಲ್ಲಿ ದೋಣಿಗಳ ಎಂಜಿನ್ ಬಿಚ್ಚಿ ಕಟ್ಟುತ್ತ ಅರ್ಧ ಆಯುಷ್ಯ ಕಳೆದವರು ಅವರು. ಮನುಷ್ಯರನ್ನು ಇನ್ನು ಹೇಗೆ ವಿಂಗಡಿಸಿಯಾರು? ಟು ಸ್ಟ್ರೋಕಿನವರು ಒಂದೇ ಸುತ್ತಿಗೆ ಕೆಲಸ ಮುಗಿಸುತ್ತಾರೆ, ಆದರೆ ಕೇರಿಗೆಲ್ಲ ಹೊಗೆ. ಫೋರ್ ಸ್ಟ್ರೋಕಿನವರು ಎಳೆದುಕೊಂಡು, ಒತ್ತಿಕೊಂಡು, ಉರಿದು, ಹೊಗೆ ಬಿಟ್ಟು, ಅದೇ ಕೆಲಸಕ್ಕೆ ಎರಡು ಸುತ್ತು ಹಾಕುತ್ತಾರೆ. ಸಕ್ಕರೆ ತರಲು ಹೋಗಿ ಚಹಾಪುಡಿ ಮರೆತು ಮತ್ತೆ ಅಂಗಡಿಗೆ ಓಡುವ ನಾನು ಎರಡನೆಯ ವರ್ಗ. ಪೆಟ್ರೋಲಿನವರಿಗೆ ಕಿಡಿ ಹಚ್ಚಲು ಇನ್ನೊಬ್ಬರು ಬೇಕು. ಡೀಸೆಲ್ಲಿನವರು ಒತ್ತಡ ಬಿದ್ದರೆ ತಾವಾಗಿಯೇ ಹೊತ್ತಿಕೊಳ್ಳುತ್ತಾರೆ.

ಒಮ್ಮೆ ನೆಂಟರ ಹುಡುಗಿಗೆ ವರನನ್ನು ನೋಡಲು ಮಾಜಾಳಿಗೆ ಹೋದೆವು. ಹುಡುಗನಿಗೆ ಗೋವೆಯಲ್ಲಿ ನೌಕರಿ. ಎಲ್ಲರೂ ಸಂಬಳ, ಮನೆ, ಜಾತಕ ವಿಚಾರಿಸಿದರೆ ಮಾವ ಸುಮ್ಮನೆ ಅವಲಕ್ಕಿ ತಿಂದರು. ಹೊರಬಂದ ಮೇಲೆ ತೀರ್ಪು ಕೊಟ್ಟರು: ಅಸಲು ಡೀಸೆಲ್, ಬೆಳಿಗ್ಗೆ ಚಾಲೂ ಮಾಡುವುದು ಕಷ್ಟ, ಒಮ್ಮೆ ಚಾಲೂ ಆದರೆ ಸಂಜೆಯವರೆಗೆ ಎಷ್ಟು ಭಾರ ಹೇರಿದರೂ ಎಳೆಯುತ್ತಾನೆ. ಮದುವೆಯಾಯಿತು. ಗಂಡ ಬೆಳಿಗ್ಗೆ ಎದ್ದು ಎರಡು ಗಂಟೆಯಾದರೂ ಬಾಯಿ ಬಿಡುವುದಿಲ್ಲವೆಂದು ಆ ಹುಡುಗಿ ಈಗಲೂ ದೂರುತ್ತಾಳೆ. ಮಾವ ಈ ತೀರ್ಪನ್ನು ಮದುವೆಗೆ ಮೊದಲೇ ಕೊಟ್ಟಿದ್ದರೋ, ದೂರು ಬಂದ ಮೇಲೋ? ನನ್ನ ದಿನಚರಿಯಲ್ಲಿ ಆ ವಾರದ ಪುಟಗಳು ಖಾಲಿ.

ತಮ್ಮ ಹೆಂಡತಿಯನ್ನೂ ಅವರು ಬಿಟ್ಟಿಲ್ಲ. ಅತ್ತೆ ವಾಟರ್ ಕೂಲ್ಡ್: ಸಿಟ್ಟು ಬಂದರೆ ಒಂದು ತಂಬಿಗೆ ನೀರು ಕುಡಿದು ತಣ್ಣಗಾಗುತ್ತಾರೆ. "ಇವರಿಗೆ ಸೈಲೆನ್ಸರೊಂದನ್ನು ಹಾಕೂಕೆ ಮರ್ತೋದ ದೇವರು," ಎಂದು ಅತ್ತೆಯ ತಿರುಗೇಟು. ಕರೆದರೆ ಮಾವ ಮೊದಲ ಸಲಕ್ಕೆ ಓ ಅನ್ನುವವರಲ್ಲ. ಕೇಳಿದರೆ, ತಾನು ಹಳೇ ಗಾಡಿ, ಮೂರು ಕಿಕ್ ಆದರೂ ಬೇಕು ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ನಾನು ತುಸು ಹೆಚ್ಚೇ ನಕ್ಕಿರಬೇಕು.

ಹೀಗಿರುವಾಗ ಅವರ ಮಗಳು ವೀಣಾ ಮನೆಗೆ ಕರೆಂಟಿನ ಸ್ಕೂಟರ್ ತಂದಳು. ಕಾರವಾರದ ಒಂದು ಕಚೇರಿಯಲ್ಲಿ ಅವಳಿಗೆ ಕೆಲಸ. ಮೊದಲ ಸಂಬಳದಿಂದಲೇ ಕೂಡಿಸುತ್ತ ಬಂದು ಕೊಂಡ ಗಾಡಿ. ಅಪ್ಪನಿಗೆಂದೇ ಎರಡನೆಯ ಹೆಲ್ಮೆಟ್ಟನ್ನೂ ತಂದಿದ್ದಳು. ಅವಳಿಗಿದ್ದದ್ದು ಒಂದೇ ಆಸೆ: ಅಪ್ಪನನ್ನು ಹಿಂದೆ ಕೂರಿಸಿಕೊಂಡು ಒಮ್ಮೆ ಕಾರವಾರಕ್ಕೆ ಹೋಗಿ ಬರಬೇಕು.

ಮಾವ ಗಾಡಿಯ ಸುತ್ತ ಎರಡು ಸುತ್ತು ಬಂದರು. ಒಳಗೆ ಏನೂ ಉರಿಯುವುದಿಲ್ಲವೆಂದ ಮೇಲೆ ಇದು ಎಂಜಿನ್ ಹೇಗಾದೀತು, ಇದು ರಸ್ತೆಯ ಮೇಲೆ ಓಡುವ ಫ್ಯಾನು ಎಂದರು. ಪ್ರತಿ ರವಿವಾರ ಅವಳು ಕರೆಯುವುದು, ಇವರು ಒಂದೊಂದು ನೆವ ಹೇಳುವುದು. ಒಮ್ಮೆ ಸೊಂಟ ನೋವು, ಒಮ್ಮೆ ಮಳೆ ಮೋಡ. ಒಂದು ಸೋಮವಾರವಂತೂ ಇಬ್ಬರಿಗೂ ಕಾರವಾರದಲ್ಲಿ ಕೆಲಸವಿತ್ತು. ಅವಳು ಸ್ಕೂಟರಿನಲ್ಲಿ ಮುಂದೆ, ಇವರು ಬಸ್ಸಿನಲ್ಲಿ ಹಿಂದೆ! ಅಂದು ಸಂಜೆ ವೀಣಾ ನಗಲಿಲ್ಲ. "ನನ್ನ ಗಾಡಿ ಮೇಲೆ ಸಿಟ್ಟೋ, ನನ್ನ ಮೇಲೋ, ಅದನ್ನಾದ್ರೂ ಕೇಳ್ಕಂಡು ಬಾ ಮಾರಾಯಾ," ಎಂದಳು ನನ್ನ ಹತ್ತಿರ.

ಮರುದಿನ ಬೇಲೆಕೇರಿಗೆ ಹೋದೆ. ಯಾರದೋ ದೋಣಿಯ ಎಂಜಿನ್ ಚಾಲೂ ಆಗಿತ್ತು. ಮೊದಲೆಲ್ಲ ಸಮುದ್ರಕ್ಕೆ ಬೆನ್ನು ಹಾಕಿ ಕುಳಿತು, ಬರುತ್ತಿರುವುದು ಸೀಮೆಎಣ್ಣೆಯ ಔಟ್‌ಬೋರ್ಡೋ ಆರು ಸಿಲಿಂಡರಿನ ಡೀಸೆಲ್ಲೋ ಎಂದು ಸದ್ದಿನಲ್ಲೇ ಹೇಳುತ್ತಿದ್ದ ಮಾವ, ಈಗ ಎಂಜಿನ್ನಿನ ಮೇಲೆ ಅಂಗೈ ಒತ್ತಿ ಕಣ್ಣು ಮುಚ್ಚಿದ್ದರು. ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದರು. ನಿಜವೇ ಆಗಿತ್ತು. ನಾನು ಹಿಂದಿನಿಂದ ಮೂರು ಸಲ ಕರೆದೆ, ನಾಲ್ಕು ಸಲ ಕರೆದೆ. ತಿರುಗಲಿಲ್ಲ. ಹೆಗಲು ಮುಟ್ಟಿದ ಮೇಲೆ ತಿರುಗಿದವರು ನನ್ನ ತುಟಿಯನ್ನೇ ನೋಡಿದರು. ನಾನು ವೀಣಾಳ ಪ್ರಶ್ನೆ ಕೇಳಿದೆ.

"ಅವಳ ಮೇಲೆ ಎಂತಾ ಸಿಟ್ಟು ತಮಾ," ಎಂದರು. "ಎಂಜಿನ್ ಇದ್ರೆ ಕೈಗೆ ನಡುಕ ಸಿಗ್ತದೆ. ಕಿವಿ ಹೋದ್ರೂ ಕೈ ಅದೆ. ಆ ಗಾಡಿಯಲ್ಲಿ ಕೂತ್ರೆ ಚಾಲೂ ಅದೆಯೋ ಬಂದ್ ಬಿದ್ದದೋ ನಂಗೆ ತಿಳೂದೇ ಇಲ್ಲ. ಅದರಲ್ಲಿ ಕೂತಾಗ ನಾ ಪೂರಾ ಕಿವುಡ."

ಯಾರಿಗೂ ಹೇಳಬೇಡ ಎಂದರು. ಅಂದಿನ ದಿನಚರಿಯಲ್ಲಿ 'ಯಾರಿಗೂ ಹೇಳಿಲ್ಲ' ಎಂದು ನನ್ನ ಕೈಬರಹದಲ್ಲೇ ಇದೆ. ಆದರೆ ಅಂದು ಸಂಜೆಯೇ ನಾನು ವೀಣಾಳಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಈ ಒಂದು ವಿಷಯದಲ್ಲಿ ನೆನಪನ್ನೇ ನಂಬುತ್ತೇನೆ. ಅವಳು ಎದ್ದು ಹೋಗಿ ಅಪ್ಪನ ಹೆಲ್ಮೆಟ್ಟಿನ ಧೂಳು ಒರೆಸತೊಡಗಿದಳು.

ರವಿವಾರ ಅವಳು ಅಪ್ಪನ ಎದುರು ನಿಂತು, ಮುಖ ನೋಡುತ್ತ, ನಿಧಾನವಾಗಿ ಹೇಳಿದಳು: "ಅಪ್ಪಾ, ಗಾಡಿ ಹಿಡೀಬೇಡ. ನನ್ನ ಬೆನ್ನಿಗೆ ಕೈ ಇಟ್ಕಂಡು ಕೂತ್ಕೋ. ನಾ ಮಾತಾಡ್ತಾ ಹೋಗ್ತೆ." ಮಾವ ನನ್ನತ್ತ ಒಮ್ಮೆ ನೋಡಿದರು. ನಾನು ತೆಂಗಿನ ಮರ ನೋಡಿದೆ. ಅವರು ಹೆಲ್ಮೆಟ್ ಹಾಕಿಕೊಂಡು ಹತ್ತಿದರು.

ಅವಳು ಅಮದಳ್ಳಿ ಬರುವಷ್ಟರಲ್ಲಿ ಆಡುವ ಮಾತೆಲ್ಲ ಮುಗಿಸಿ, ಅಲ್ಲಿಂದ ಕಾರವಾರದವರೆಗೆ ಎರಡರ ಮಗ್ಗಿಯಿಂದ ಹಿಡಿದು ಹತ್ತೊಂಬತ್ತರವರೆಗೆ ಗಟ್ಟಿಯಾಗಿ ಹೇಳಿದಳಂತೆ. ಬರುವಾಗ ಮತ್ತೆ ಮೊದಲಿನಿಂದ. ಸಂಜೆ ಮನೆಗೆ ಬಂದಾಗ ಅವಳ ಗಂಟಲು ಕಟ್ಟಿಹೋಗಿತ್ತು. ಮಾವ ಜಗಲಿಯಲ್ಲಿ ಕುಳಿತು ತಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದರು. ಹೇಗಾಯಿತು ಎಂದು ಕೈಸನ್ನೆಯಲ್ಲಿ ಕೇಳಿದೆ.

"ಹೋಗುವಾಗೂ ಇಲ್ಲ, ಬರುವಾಗೂ ಇಲ್ಲ, ಒಂದು ಸಲವೂ ಬಂದ್ ಬೀಳ್ಲಿಲ್ಲ."

"ಸ್ಕೂಟರಾ?"

"ಸ್ಕೂಟರಿಂದು ನಂಗೆ ಗೊತ್ತಿಲ್ಲ ತಮಾ," ಎಂದರು ಮಾವ.