ಮಗ್ಗದ ಕುಣಿಯೊಳಗೆ ನಾನು

ಆ ಪ್ಲೇಗಿನ ವರ್ಷ ಪಂಚಮಿಗೆ ಅಕ್ಕನನ್ನು ಕರೆತರಲು ನಾನು ಹೋಗಲಿಲ್ಲ. ತಮ್ಮ ಬಂದು ಕರೆಯದೆ ಹೆಣ್ಣುಮಗಳು ತವರಿಗೆ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು; ನಾನು ಸಾಲಿ ಕಲಿತದ್ದು ಅಷ್ಟಕ್ಕಷ್ಟೇ ಆದರೂ, ಇಷ್ಟು ತಿಳಿಯಲು ಸಾಲಿ ಬೇಕಿಲ್ಲ. ಗಂಡನ ಊರು ಗುಡೂರಿನಲ್ಲಿ ಬೇನೆ ಬಿದ್ದಿದೆ, ಬೇಗ ಬಾ ಎಂದು ಆಕೆ ಹೇಳಿಕಳಿಸಿದ್ದಳು. ಆದರೆ ಪ್ಲೇಗಿನ ಸೂಜಿ ಚುಚ್ಚಿಸಿಕೊಂಡ ಚೀಟಿ ಇಲ್ಲದೆ ದಾರಿ ತಡೆಯುವ ನಾಕೆಯಲ್ಲಿ ಬಿಡುತ್ತಿರಲಿಲ್ಲ. ಚುಚ್ಚಿಸಿಕೊಂಡ ಕೈ ಮತ್ತೆ ಲಾಳಿ ಎಸೆಯುವುದಿಲ್ಲವೆಂದು ಇಳಕಲ್ಲಿನ ನಮ್ಮ ನೇಕಾರರ ಓಣಿಯಲ್ಲಿ ಸುದ್ದಿ. ಹೇಳಿದವರು ಯಾರೂ ಚುಚ್ಚಿಸಿಕೊಂಡವರಲ್ಲ. ಆದರೂ ನಂಬಿದೆ. ನಂಬುವುದರಲ್ಲಿ ನನ್ನ ಕೈ ದೊಡ್ಡದು.

ನಮ್ಮಲ್ಲೂ ಬೇನೆ ಬಿದ್ದು, ಊರವರೆಲ್ಲ ಮನೆ ಬಿಟ್ಟು ಹೊಲದ ಗುಡಿಸಲುಗಳಲ್ಲಿದ್ದೆವು. ಸೂಜಿಯ ಡಾಕ್ಟರು ಅಲ್ಲಿಗೇ ಬಂದದ್ದು ಕಂಡು ನಾನು ಊರೊಳಕ್ಕೆ ಓಡಿದೆ. ಸೂಜಿಗೆ ಹೆದರಿ ಪ್ಲೇಗಿನ ಮನೆ ಹೊಕ್ಕ ಜಾಣ ಇಡೀ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಹಾಡುಹಗಲು, ಓಣಿಯಲ್ಲಿ ಒಂದು ನಾಯಿಯೂ ಇಲ್ಲ. ನಮ್ಮ ಮನೆಯಲ್ಲಿ ಅರ್ಧ ನೆಯ್ದ ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ನೇಯುವಾಗ ಕಾಲು ಇಳಿಬಿಡುವ ಕುಣಿಯಲ್ಲಿ ಮುದುಡಿ ಕುಳಿತೆ. ಮೆತ್ತಗೆ ಏನೋ ತಾಕಿತು. ಸತ್ತ ಇಲಿ. ಎದ್ದು ಓಡಲು ಕುಣಿಯ ಅಂಚು ಹಿಡಿದೆ.

ಆಗ ಬಾಗಿಲಲ್ಲಿ ಅಕ್ಕನ ದನಿ: "ಈರಣ್ಣಾ, ಒಳಗ ಅದಿಯೇನೋ?"

ಮಾರಿ ನಮ್ಮವರ ದನಿಯಲ್ಲೇ ಕರೆಯುತ್ತಾಳೆ, ಓಗೊಟ್ಟರೆ ಮುಗಿಯಿತು ಎಂದು ಅವ್ವ ಹೇಳುತ್ತಿದ್ದಳು. ಗುಡೂರಿನ ಅಕ್ಕ ಇಲ್ಲಿಗೆ ಹೇಗೆ ಬಂದಾಳು? ಬಾಯಿ ಮುಚ್ಚಿಕೊಂಡೆ. ಹೆಜ್ಜೆ ಒಳಗೆ ಬಂತು, ಮಗ್ಗದ ಹತ್ತಿರ ಬಹಳ ಹೊತ್ತು ನಿಂತಿತು, ಹೊರಟುಹೋಯಿತು.

ಅದು ಅಕ್ಕನೇ. ತಮ್ಮ ಬಾರದ್ದಕ್ಕೆ ತಾನೇ ಚುಚ್ಚಿಸಿಕೊಂಡು, ಬಾತ ತೋಳು ಹಿಡಿದುಕೊಂಡು, ಜ್ವರದಲ್ಲೇ ನಡೆದು ಬಂದಿದ್ದಳು. ನಾನು ಊರೊಳಗಿದ್ದೇನೆಂದು ಗುಡಿಸಲಿನವರೇ ಹೇಳಿದ್ದರಂತೆ. ಗುಡಿಸಲುಗಳತ್ತ ಹಿಂದಿರುಗುವ ದಾರಿಯಲ್ಲಿ ಎಚ್ಚರ ತಪ್ಪಿ ಬಿದ್ದವಳನ್ನು ಅವರೇ ಎತ್ತಿ ತಂದು ಉಳಿಸಿದರು. ಆಮೇಲೆ ಗುಡಿಸಲಿಗೆ ಮರಳಿದ ನಾನು ಏನೂ ಅರಿಯದವನಂತೆ, "ಯಾವಾಗ ಬಂದಿ ಯಕ್ಕಾ?" ಎಂದೆ. ಆಕೆ ಅತ್ತ ಹೊರಳಿ ಮಲಗಿದಳು.

ಅಂದಿನಿಂದ ಪ್ರತಿ ಪಂಚಮಿಗೆ ಬಂಡಿ ಕಟ್ಟಿಕೊಂಡು ನಾನೇ ಹೋಗಿ ಕರೆತರುತ್ತೇನೆ. ಆಕೆ ಮಾತ್ರ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು, "ಈರಣ್ಣಾ, ಒಳಗ ಅದಿಯೇನೋ?" ಎಂದು ಕೂಗಿ, ಸ್ವಲ್ಪ ಕಾದು, ಆಮೇಲೆ ಒಳಗೆ ಬರುತ್ತಾಳೆ. ಆಕೆಯ ಗಂಟು ಹೊತ್ತು ನಾನು ಬೆನ್ನ ಹಿಂದೆಯೇ ನಿಂತಿರುತ್ತೇನೆ! ಈ ಸಲ ತಡೆಯದೆ ಕೇಳಿದೆ: "ಹಿಂದ ನಿಂತೇನಲ್ಲ, ಯಾರನ್ನ ಕರೀತಿ ಯಕ್ಕಾ?"

"ಕುಣಿಯಾಗಿನವನ್ನ. ಅವತ್ತ ಅಂವ ನಡಗೋದಕ್ಕ ಮಗ್ಗದ ನೂಲೆಲ್ಲ ನಡಗತಿತ್ತು. ಇನ್ನೂ ಓ ಅಂದಿಲ್ಲ ನೋಡು."

ಗಂಟು ಇಳಿಸಿ ಒಳಗೆ ಹೋದೆ. ಕುಣಿ ಖಾಲಿ ಇತ್ತು. ಆದರೂ ನೂಲು ಸಣ್ಣಗೆ ನಡುಗುತ್ತಿತ್ತು. ಆಮೇಲೆ ನೋಡಿದರೆ ನನ್ನ ಕೈ ಅದರ ಮೇಲಿತ್ತು.

"ಓ ಯಕ್ಕಾ," ಎಂದೆ. "ಇಲ್ಲೇ ಇದ್ದೆ. ತಪ್ಪಾತು."